ಬೆಳೆದ ಮಗನ ಸಾಲ, ಹೆತ್ತವರ ಹೊಣೆ

ಮೂವತ್ತೊಂದು ವರ್ಷ ನಾನು ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಸಾಲ ಕೇಳಿಕೊಂಡು ಬಂದವರ ಅರ್ಜಿ ತುಂಬುವುದು, ಜಾಮೀನುದಾರರ ಸಹಿ ಹಾಕಿಸುವುದು, ಕಂತು ತಪ್ಪಿದವರಿಗೆ ನೋಟೀಸು ಬರೆಯುವುದು ನನ್ನ ಕೆಲಸವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೀಗಿರುವಾಗ 2022ರ ಡಿಸೆಂಬರಿನ ಒಂದು ಭಾನುವಾರ, ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲು ಇಳಿಯುತ್ತಿದ್ದಾಗ, ಗುರುತಿಲ್ಲದವನೊಬ್ಬ ನನಗೆ ಫೋನು ಮಾಡಿದ. "ನಿಮ್ಮ ಮಗ ನಮ್ಮ ಹತ್ತಿರ ಸಾಲ ತಗೊಂಡು ಕಂತು ಕಟ್ಟಿಲ್ಲ. ನಿಮ್ಮ ನಂಬರು ಕೊಟ್ಟಿದಾನೆ. ನೀವೇ ಕಟ್ತೀರಾ, ಇಲ್ಲ ಮನೆ ಹತ್ರ ಬರಬೇಕಾ?" ಎಂದು ಏಕವಚನಕ್ಕೆ ಇಳಿಯುವ ದನಿಯಲ್ಲಿ ಕೇಳಿದ.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಮಗನ ಕಷ್ಟವಲ್ಲ. ಪಕ್ಕದಲ್ಲಿ ನಿಂತಿದ್ದವರಿಗೆ ಇದು ಕೇಳಿಸಿತೋ ಏನೋ ಎಂಬ ಚಿಂತೆ. ಇದನ್ನು ಇಷ್ಟು ವರ್ಷದ ನಂತರ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕ ತಂದೆತಾಯಿಗಳು ಎಡವುವುದು ಇದೇ ಜಾಗದಲ್ಲಿ.

ಮಗನಿಗೆ ಆಗ ಇಪ್ಪತ್ತಾರು ವರ್ಷ. ಐಟಿಐ ಓದಿ, ಒಂದು ಖಾಸಗಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕಿದ್ದ. ತಿಂಗಳಿಗೆ 21,000 ರೂಪಾಯಿ ಸಂಬಳ. ನಮ್ಮ ಜೊತೆಯೇ ಮನೆಯಲ್ಲಿದ್ದು, ಅಮ್ಮನ ಕೈಗೆ 5,000 ಕೊಡುತ್ತಿದ್ದ. ಕುಡಿತವಿಲ್ಲ, ಜೂಜಿಲ್ಲ. ಆ ದಿನ ಮನೆಗೆ ಬಂದವನೇ ನಾನು ಕೂಗಾಡಿದೆ. ಅವನು ತಲೆ ತಗ್ಗಿಸಿ ನಿಂತ. ಎಷ್ಟು ಸಾಲ ಎಂದರೆ 38,000 ಎಂದ. ಮರುದಿನವೇ ನನ್ನ ಠೇವಣಿ ಮುರಿದು ಅಷ್ಟನ್ನೂ ಕಟ್ಟಿದೆ. ಹೆಂಡತಿಗೆ ಹೇಳಲಿಲ್ಲ. ತಿರುಹೃದಯದ ಪಟದ ಮುಂದೆ ಅವನನ್ನು ನಿಲ್ಲಿಸಿ, ಇನ್ನು ಮುಂದೆ ಸಾಲ ಮಾಡುವುದಿಲ್ಲ ಎಂದು ಪ್ರಮಾಣ ಮಾಡಿಸಿದೆ. ಒಳ್ಳೆಯ ತಂದೆಯ ಕರ್ತವ್ಯ ಮುಗಿಸಿದೆನೆಂದು ಸಮಾಧಾನಪಟ್ಟುಕೊಂಡೆ.

ಎಂಟು ತಿಂಗಳು ಕಳೆಯುವಷ್ಟರಲ್ಲಿ, 2023ರ ಆಗಸ್ಟಿನಲ್ಲಿ, ಮತ್ತೆ ಫೋನು ಬಂತು. ಈ ಸಲ ನನಗಲ್ಲ, ಅವನ ಅಮ್ಮನಿಗೆ, ಸೋದರಮಾವನಿಗೆ, ಗಾಯನವೃಂದದ ಇಬ್ಬರು ಗೆಳೆಯರಿಗೆ.

ಆ ರಾತ್ರಿ ಅವನು ಹತ್ತು ಗಂಟೆ ದಾಟಿದ ಮೇಲೆ ಮನೆಗೆ ಬಂದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಮೊದಲು ಊಟ ಮಾಡು. ಆಮೇಲೆ ಎಲ್ಲಾ ಒಂದು ಹಾಳೆ ಮೇಲೆ ಬರಿ. ಯಾವುದನ್ನೂ ಬಿಡಬೇಡ," ಎಂದಳು. ಅವನು ಊಟ ಮಾಡಿ ಬರೆದ. ಕ್ರೆಡಿಟ್ ಕಾರ್ಡು 46,000. ಫೋನಿಗೂ ಗೆಳೆಯರ ಜೊತೆಗಿನ ಪ್ರವಾಸಕ್ಕೂ ತೆಗೆದ ವೈಯಕ್ತಿಕ ಸಾಲ 31,000. ಮೊಬೈಲಿನ ಎರಡು ಸಾಲದ ಆ್ಯಪ್‌ಗಳಿಗೆ 22,000. ಮೀಟರ್ ಬಡ್ಡಿಯವನಿಗೆ 20,000. ಗೆಳೆಯರ ಕೈಸಾಲ 15,000. ಒಟ್ಟು 1,34,000 ರೂಪಾಯಿ. ಮೊದಲ ಸಲ ಅವನು ಹೇಳಿದ್ದ 38,000 ನಿಜದ ಅರ್ಧವೂ ಆಗಿರಲಿಲ್ಲ. ನನ್ನ ಕೋಪಕ್ಕೆ ಹೆದರಿ ಉಳಿದದ್ದನ್ನು ಮುಚ್ಚಿಟ್ಟಿದ್ದ. ಮುಚ್ಚಿಟ್ಟ ಸಾಲವನ್ನು ತೀರಿಸಲು ಹೊಸ ಸಾಲ ಮಾಡಿದ್ದ.

"ನಮಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಅವನು ಕೊಟ್ಟ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ: "ನಿಮಗೆ ಹೇಳಿದರೆ ಯಾಕೆ, ಏನು ಅಂತ ಕೇಳ್ತೀರ ಅಪ್ಪಾ. ಆ್ಯಪ್‌ನಲ್ಲಿ ಯಾರೂ ಏನೂ ಕೇಳಲ್ಲ."

ಪ್ರಿಯ ತಂದೆತಾಯಿಗಳೇ, ಈ ಮಾತನ್ನು ಸ್ವಲ್ಪ ಯೋಚಿಸಿ. ನಮ್ಮ ಮಕ್ಕಳು ಅಪಾಯದ ಸಾಲಕ್ಕೆ ಕೈ ಚಾಚುವುದು ಬರೀ ಆಸೆಯಿಂದ ಎಂದು ನಾವು ತಿಳಿದಿದ್ದೇವೆ. ಆಸೆ ಇರುವುದು ನಿಜ. ಆದರೆ ಮನೆಯಲ್ಲಿ ಕೇಳಿದರೆ ಅವಮಾನ, ಹೊರಗೆ ಕೇಳಿದರೆ ಬಡ್ಡಿ ಎಂದಾದಾಗ, ಎಷ್ಟೋ ಮಕ್ಕಳು ಬಡ್ಡಿಯನ್ನೇ ಆರಿಸಿಕೊಳ್ಳುತ್ತಾರೆ. ದುಬಾರಿ ಸಾಲ ಕೊಡುವವನು ಮಾರುವುದು ಹಣವನ್ನಷ್ಟೇ ಅಲ್ಲ, ಗುಟ್ಟನ್ನು ಕೂಡ. ಕಂತು ತಪ್ಪಿದ ದಿನ ಅದೇ ಗುಟ್ಟನ್ನು ಊರಿಗೆಲ್ಲ ಹೇಳುವುದಾಗಿ ಬೆದರಿಸಿ ಹಣ ಕೀಳುತ್ತಾನೆ.

ಪ್ರವಾದಿ ಕೇಳಿದ ಪ್ರಶ್ನೆ

ಹಳೆಯ ಒಡಂಬಡಿಕೆಯ ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಸಾಲದ ಒಂದು ಕಥೆಯಿದೆ. ದೈವಭಕ್ತನಾಗಿದ್ದ ಒಬ್ಬನು ಸಾಲ ಉಳಿಸಿ ತೀರಿಕೊಂಡ. ಸಾಲ ಕೊಟ್ಟವನು ಅವನ ಇಬ್ಬರು ಗಂಡುಮಕ್ಕಳನ್ನು ಗುಲಾಮರಾಗಿ ಹಿಡಿದುಕೊಂಡು ಹೋಗಲು ಬರುತ್ತಿದ್ದಾನೆ. ವಿಧವೆ ತಾಯಿ ಪ್ರವಾದಿ ಎಲೀಷನ ಬಳಿಗೆ ಹೋಗಿ ಮೊರೆಯಿಡುತ್ತಾಳೆ. ಎಲೀಷನು ಅವಳನ್ನು ಬೈಯುವುದಿಲ್ಲ. ಕೂಡಲೇ ಹಣದ ಚೀಲವನ್ನು ಬಿಚ್ಚುವುದೂ ಇಲ್ಲ. ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳುತ್ತಾನೆ. ಒಂದು ಗಡಿಗೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಎನ್ನುತ್ತಾಳೆ. ನೆರೆಯವರಿಂದ ಬರಿದಾದ ಪಾತ್ರೆಗಳನ್ನು ಕೇಳಿ ತಂದು, ಮಕ್ಕಳೊಡನೆ ಒಳಗೆ ಹೋಗಿ, ಬಾಗಿಲು ಮುಚ್ಚಿ, ಎಣ್ಣೆ ಸುರಿಯಲು ಹೇಳುತ್ತಾನೆ. ಪಾತ್ರೆಗಳನ್ನು ತಾಯಿಗೆ ಎತ್ತಿಕೊಡುವವರು ಆ ಮಕ್ಕಳೇ. ಪಾತ್ರೆಗಳೆಲ್ಲ ತುಂಬಿದ ಮೇಲೆ ಎಣ್ಣೆ ನಿಲ್ಲುತ್ತದೆ. ಅದನ್ನು ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಎಂದು ಪ್ರವಾದಿ ಹೇಳುತ್ತಾನೆ.

ಈ ಕಥೆಯನ್ನು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೆ. ಆ ರಾತ್ರಿಯ ನಂತರವೇ ನನಗೆ ಅದು ಅರ್ಥವಾದದ್ದು. ತಾಯಿ ಬಾಯಿಬಿಟ್ಟು ಕಷ್ಟ ಹೇಳಿಕೊಂಡಳು, ಪವಾಡ ಆರಂಭವಾದದ್ದು ಅಲ್ಲಿಂದ. ನೆರೆಯವರ ನೆರವಿತ್ತು, ಆದರೆ ಮನೆಯ ಮಾತು ಮುಚ್ಚಿದ ಬಾಗಿಲಿನೊಳಗೇ ಉಳಿಯಿತು. ಮಕ್ಕಳು ಸುಮ್ಮನೆ ಕೂರಲಿಲ್ಲ, ಪಾತ್ರೆ ಹೊತ್ತರು. ಸಾಲವನ್ನು ಯಾರೂ ಮನ್ನಾ ಮಾಡಲಿಲ್ಲ, ಅದು ಸಂದಾಯವಾಯಿತು. ತೀರಿದ ಮೇಲೂ ಬದುಕುವುದಕ್ಕೆ ಒಂದಿಷ್ಟು ಉಳಿಯಿತು.

ನಾನು ಮೊದಲ ಸಲ ಮಾಡಿದ್ದು ಇದಕ್ಕೆ ಪೂರ್ತಿ ವಿರುದ್ಧ. ಕೇಳದೆ ಕೂಗಿದೆ, ಲೆಕ್ಕ ನೋಡದೆ ಕಟ್ಟಿದೆ. ಇಪ್ಪತ್ತಾರು ವರ್ಷದವನನ್ನು ಹದಿಮೂರರ ಹುಡುಗನಂತೆ ಪ್ರಮಾಣ ಮಾಡಿಸಿದೆ. ನನ್ನ ಮಾನ ಉಳಿಸಿಕೊಳ್ಳಲು ಕೊಟ್ಟ ಹಣಕ್ಕೆ ಪ್ರೀತಿ ಎಂದು ಹೆಸರಿಟ್ಟೆ.

ಪ್ರೀತಿಗೆ ಮಿತಿ ಉಂಟೇ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಶುಭಸಂದೇಶದ ತಪ್ಪಿಹೋದ ಮಗನ ತಂದೆ ಲೆಕ್ಕ ಕೇಳಲಿಲ್ಲವಲ್ಲ, ಓಡಿ ಹೋಗಿ ಅಪ್ಪಿಕೊಂಡನಲ್ಲ, ನಾವೇಕೆ ಲೆಕ್ಕ ಕೇಳಬೇಕು? ನಮ್ಮ ವಾರ್ಡಿನ ಒಬ್ಬ ಹಿರಿಯರು ನನಗೆ ಇದನ್ನೇ ಕೇಳಿದರು. ಲೂಕನ ಹದಿನೈದನೆಯ ಅಧ್ಯಾಯವನ್ನು ಪೂರ್ತಿ ಓದಿ ನೋಡಿ. ಆ ತಂದೆ ಅಪ್ಪುಗೆಗೆ ಷರತ್ತು ಹಾಕಲಿಲ್ಲ. ಅಂಗಿ, ಉಂಗುರ, ಪಾದರಕ್ಷೆ, ಔತಣ ಎಲ್ಲವನ್ನೂ ಕೊಟ್ಟ. ಆದರೆ ಕಿರಿಯವನು ಕಳೆದ ಪಾಲನ್ನು ಮತ್ತೊಮ್ಮೆ ಹಂಚಿಕೊಟ್ಟನೆಂದು ಅಲ್ಲಿ ಬರೆದಿಲ್ಲ. ತನ್ನದೆಲ್ಲವೂ ಹಿರಿಯ ಮಗನದೇ ಎಂದು ಹಿರಿಯವನಿಗೆ ಭರವಸೆ ಕೊಟ್ಟ. ಒಬ್ಬ ಮಗನ ಮೇಲಿನ ಕರುಣೆ ಇನ್ನೊಬ್ಬನಿಗೆ ಅನ್ಯಾಯವಾಗಬಾರದು. ನನಗೆ ಮದುವೆಗಿರುವ ಮಗಳೂ ಇದ್ದಾಳೆ. ನಾನು ಗುಟ್ಟಾಗಿ ಮುರಿದ ಠೇವಣಿಯಲ್ಲಿ ಅವಳ ಪಾಲೂ ಇತ್ತು, ಅವಳ ಅಮ್ಮನ ಮುಪ್ಪಿನ ಔಷಧಿಯೂ ಇತ್ತು. ಅವರನ್ನು ಕೇಳದೆ ಅದನ್ನು ದಾನ ಮಾಡುವ ಹಕ್ಕು ನನಗಿರಲಿಲ್ಲ.

ಇನ್ನೊಂದು ಕಡೆ, ಮಗನ ಎಟಿಎಂ ಕಾರ್ಡು, ಫೋನು ಎರಡನ್ನೂ ಕಿತ್ತಿಟ್ಟುಕೊಳ್ಳೋಣ ಎನ್ನಿಸಿತ್ತು. ಆದರೆ ಬೆಳೆದ ಮಕ್ಕಳ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಮಕ್ಕಳು ಸ್ವತಂತ್ರರಾದ ಮೇಲೆ ವಿಧೇಯತೆಯ ಕಟ್ಟು ಮುಗಿಯುತ್ತದೆ, ಗೌರವ ಮಾತ್ರ ಎಂದಿಗೂ ಮುಗಿಯುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತದೆ. ಬೆಳೆದ ಮಕ್ಕಳ ವೃತ್ತಿ, ವಿವಾಹದ ಆಯ್ಕೆಯಲ್ಲಿ ಹೆತ್ತವರು ವಿವೇಕದ ಸಲಹೆ ಕೊಡಬಹುದು, ಒತ್ತಾಯ ಕೂಡದು ಎಂದೂ ಹೇಳುತ್ತದೆ. ನಮ್ಮ ಸೂರಿನಡಿ ಇದ್ದಾನೆ, ನಮ್ಮ ಅನ್ನ ಉಣ್ಣುತ್ತಾನೆ ಎಂದ ಮಾತ್ರಕ್ಕೆ ದುಡಿಯುವ ಮಗ ಮತ್ತೆ ಚಿಕ್ಕವನಾಗುವುದಿಲ್ಲ. ಅವನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡರೆ ಅವನು ಸಾಲದಿಂದ ದೂರ ಉಳಿಯಬಹುದು. ಸಾಲ ಮಾಡದೆ ಬದುಕುವುದನ್ನು ಮಾತ್ರ ಕಲಿಯುವುದಿಲ್ಲ.

ನಮ್ಮ ಮನೆಯಲ್ಲಿ ಏನಿತ್ತು?

ಆ ವಾರವೇ ಒಂದು ಖಾಸಗಿ ಫೈನಾನ್ಸಿನವರು, ಮನೆಯ ಪತ್ರ ಇಟ್ಟು ನಾನು ಜಾಮೀನು ಹಾಕಿದರೆ ಎಲ್ಲಾ ಸಾಲವನ್ನೂ ಒಂದೇ ಮಾಡಿ ಒಂದೂವರೆ ಲಕ್ಷ ಕೊಡುವುದಾಗಿ ಹೇಳಿದರು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಕಟ್ಟಿಕೊಂಡ ಒಂದೇ ಮನೆ ನಮ್ಮದು. ಒಂದು ಸಹಿಯಿಂದ ಫೋನುಗಳು ನಿಲ್ಲುತ್ತಿದ್ದವು. ಆದರೆ ಮೂವತ್ತೊಂದು ವರ್ಷ ಜಾಮೀನುದಾರರ ಕಣ್ಣೀರು ನೋಡಿದವನು ನಾನು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಜಾಮೀನು ಹಾಕದ, ಜಂಟಿ ಸಾಲಗಾರನೂ ಅಲ್ಲದ ತಂದೆತಾಯಿಗೆ ವಯಸ್ಕ ಮಗನ ಸಾಲ ಕಟ್ಟುವ ಕಾನೂನಿನ ಹೊಣೆಯಿಲ್ಲ. ಹೆದರಿಸಿ ಸಹಿ ಕೇಳುವುದು ಇದಕ್ಕಾಗಿಯೇ. ಸಿರಾಖನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯವೂ ನೆರೆಯವನಿಗೆ ಶಕ್ತಿಯಿದ್ದಷ್ಟು ನೆರವಾಗು, ಆದರೆ ನೀನೇ ಬೀಳದಂತೆ ನೋಡಿಕೋ ಎಂಬ ಎಚ್ಚರ ಕೊಡುತ್ತದೆ. ನಾನು ಸಹಿ ಹಾಕಲಿಲ್ಲ.

ಬದಲಿಗೆ ನಾಲ್ವರೂ ಕೂತು, ಮನೆಯಲ್ಲಿ ಏನಿದೆ ಎಂದು ನೋಡಿದೆವು. ಮಗನ ಹಳೆಯ ಬೈಕಿತ್ತು. ಅದನ್ನು ಅವನೇ 24,000ಕ್ಕೆ ಮಾರಿ ಬಸ್ ಪಾಸು ಮಾಡಿಸಿಕೊಂಡ. ಮೀಟರ್ ಬಡ್ಡಿಯವನ ದರ ತಿಂಗಳಿಗೆ ನೂರಕ್ಕೆ ಹತ್ತು, ಎಂದರೆ ವರ್ಷಕ್ಕೆ ನೂರಕ್ಕೆ ನೂರಿಪ್ಪತ್ತು. 20,000ಕ್ಕೆ ಪ್ರತಿ ತಿಂಗಳೂ 2,000 ಬಡ್ಡಿ ಹೋಗುತ್ತಿತ್ತು, ಅಸಲು ಹಾಗೇ ಇರುತ್ತಿತ್ತು. ಅವನನ್ನು ಮೊದಲು ಮುಗಿಸಿ, ಉಳಿದ 4,000ವನ್ನು ಆ್ಯಪ್‌ಗಳಿಗೆ ಹಾಕಿದೆವು. ಆ್ಯಪ್‌ಗಳಿಗೆ ಇನ್ನೂ ಬೇಕಿದ್ದ 18,000ವನ್ನು ನಾನು ಕೊಟ್ಟೆ. ಈ ಸಲ ಅದು ದಾನವಲ್ಲ, ಸಾಲ. ಅಮ್ಮ, ಮಗಳ ಎದುರಿನಲ್ಲೇ, ಬಡ್ಡಿಯಿಲ್ಲದೆ, ತಿಂಗಳಿಗೆ 1,000ದಂತೆ ಎಂದು ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು.

ಕ್ರೆಡಿಟ್ ಕಾರ್ಡಿನ ಲೆಕ್ಕವನ್ನು ನಾನೇ ಮಾಡಿ ತೋರಿಸಿದೆ. 46,000ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ 1,610 ಬಡ್ಡಿ. ಕನಿಷ್ಠ ಮೊತ್ತವೆಂದು 2,300 ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 690 ಮಾತ್ರ, ಅದರಲ್ಲೂ ತೆರಿಗೆ ಬೇರೆ ಹೋಗುತ್ತದೆ. ಅವನೇ ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಾಯಿಸಿಕೊಂಡು ಬಂದ. ನಾನು ಜೊತೆಗೆ ಹೋಗಲಿಲ್ಲ. ಗೆಳೆಯರ ಮನೆಗಳಿಗೂ ಅವನೇ ಹೋಗಿ, ತಿಂಗಳಿಗೆ ಒಟ್ಟು 1,500 ಕೊಟ್ಟು ಹತ್ತು ತಿಂಗಳಲ್ಲಿ ತೀರಿಸುತ್ತೇನೆಂದು ಹೇಳಿದ. ಅಮ್ಮನಿಗೆ ಕೊಡುತ್ತಿದ್ದ 5,000ವನ್ನು 3,000ಕ್ಕೆ ಇಳಿಸಿದೆವು, ಪೂರ್ತಿ ಬಿಡಲಿಲ್ಲ. ಅವನು ಮನೆಯ ಅತಿಥಿಯಲ್ಲ, ಮನೆಯವನು.

ನಮ್ಮ ಎಣ್ಣೆ ಗಡಿಗೆ ಅವನ ಕೈಕೆಲಸ. ಭಾನುವಾರ ಪೂಜೆ ಮುಗಿದ ಮೇಲೆ ಫ್ಯಾನು, ಮೋಟಾರು, ವೈರಿಂಗ್ ರಿಪೇರಿಗೆ ಹೋಗತೊಡಗಿದ. ನೆರೆಯವರು ಪಾತ್ರೆ ಕೊಟ್ಟಂತೆ ಕೆಲಸ ಕೊಟ್ಟರು. ಏಕೆ ದುಡಿಯುತ್ತಿದ್ದಾನೆಂದು ಹೆಚ್ಚಿನವರು ಕೇಳಲಿಲ್ಲ. ಎಲ್ಲಾ ತೀರಲು ಇಪ್ಪತ್ತೆರಡು ತಿಂಗಳು ಹಿಡಿಯಿತು. ಮಧ್ಯೆ ಎರಡು ಸಲ ಕಂತು ತಪ್ಪಿತು. ಎರಡೂ ಸಲ ಅವನೇ ಮೊದಲು ಬಂದು ಹೇಳಿದ. ನನ್ನ ಮಟ್ಟಿಗೆ ಸಾಲ ತೀರಿದ ದಿನಕ್ಕಿಂತ ಅವನು ಹಾಗೆ ಬಂದು ಹೇಳಿದ ದಿನವೇ ದೊಡ್ಡದು.

ಸಾಲ ಮಾಡುವ ಮೊದಲು

ಇದು ಸಾಲವಾದ ನಂತರದ ಮಾತು. ಆಗದಂತೆ ನೋಡಿಕೊಳ್ಳುವುದು ಹೇಗೆ? ಮೊದಲು ನಮ್ಮನ್ನೇ ನೋಡಿಕೊಳ್ಳಬೇಕು. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಊರ ಹಬ್ಬ, ಮದುವೆ ಎಂದು ನೆಂಟರ ಮುಂದೆ ಕಡಿಮೆಯಾಗಬಾರದೆಂದು ಸಾಲ ಮಾಡಿದವರು ನಾವು. ಮಕ್ಕಳು ಹತ್ತಿರದಲ್ಲೇ ನಿಂತು ನೋಡಿದ್ದಾರೆ. ಸಾಲ ಮಾಡಿ ಔತಣ ಮಾಡಬೇಡಿ ಎಂದು ಸಿರಾಖನೇ ಎಚ್ಚರಿಸಿದ್ದಾನೆ. ನಮ್ಮ ಮನೆಯಲ್ಲಿ ಈಗ ಪ್ರತಿ ತಿಂಗಳ ಮೊದಲ ಶನಿವಾರ ಜಪಸರ ಮುಗಿದ ಮೇಲೆ ಅರ್ಧ ಗಂಟೆ ಲೆಕ್ಕದ ಮಾತು. ಮೊದಲು ನಾನು ನನ್ನ ಪಿಂಚಣಿ, ಖರ್ಚು, ಬಾಕಿ ಹೇಳುತ್ತೇನೆ. ಆಮೇಲೆ ಮಕ್ಕಳು ತಮಗೆ ತೋಚಿದಷ್ಟು ಹೇಳುತ್ತಾರೆ. ನಾವು ಬಚ್ಚಿಟ್ಟುಕೊಂಡು ಅವರು ಬಿಚ್ಚಿಡಲಿ ಎಂದರೆ ಆಗದು.

ಸಾಲ ಬೇಕೇಬೇಕಾದಾಗ ಮಕ್ಕಳೂ ನಾವೂ ತಿಳಿದಿರಬೇಕಾದದ್ದು ಇಷ್ಟು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ವೈಯಕ್ತಿಕ ಸಾಲಗಾರನಿಗೆ ಎಲ್ಲಾ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೊಡದವರ ಸಾಲ ಬೇಡ. ಸಾಲದ ಆ್ಯಪ್ ನಿಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಫೋಟೋಗಳನ್ನೂ ತೆರೆಯಲು ಕೇಳಿದರೆ ಅಲ್ಲಿಗೇ ನಿಲ್ಲಿಸಿ. 2022ರಿಂದಲೇ ರಿಸರ್ವ್ ಬ್ಯಾಂಕ್ ಅದನ್ನು ನಿಷೇಧಿಸಿದೆ. ನಿಯಮಕ್ಕೆ ಒಳಪಟ್ಟ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ಅದರ ಜಾಲತಾಣದಲ್ಲಿದೆ. 10,000 ಸಾಲವೆಂದು ಹೇಳಿ 7,000 ಕೈಗಿತ್ತು, ಏಳನೆಯ ದಿನ 10,000 ಕೇಳುವವನು ಒಂದೇ ವಾರಕ್ಕೆ ನೂರಕ್ಕೆ ಸುಮಾರು 43 ಬಡ್ಡಿ ತಿಂದಂತೆ. ಆನ್‌ಲೈನ್ ಮೋಸಕ್ಕೆ 1930ಕ್ಕೆ ಕರೆ ಮಾಡಬಹುದು.

2025ರ ಆರಂಭದಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಗಾರರ ಕಿರುಕುಳ ತಾಳದೆ ಜನ ಊರು ಬಿಟ್ಟ, ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. ಆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಎಂದು ಗೊತ್ತುಮಾಡಿತು. ಕಾನೂನು ಇದೆ. ಆದರೆ ಒಂಟಿಯಾಗಿ ಹೆದರಿ ಕೂತವನಿಗೆ ಕಾನೂನು ನೆನಪಾಗುವುದಿಲ್ಲ, ಪಕ್ಕದಲ್ಲಿ ಒಬ್ಬರು ಬೇಕು. ಮಗನೋ ಮಗಳೋ ಬದುಕೇ ಬೇಡ ಎಂಬ ಮಾತಾಡಿದರೆ ಹಣದ ಮಾತನ್ನು ಬದಿಗಿಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಧರ್ಮಕೇಂದ್ರಗಳಿಗೂ ಒಂದು ಮಾತು. ಬಡ್ಡಿಯ ಹಾವಳಿಯ ವಿರುದ್ಧ ಧರ್ಮಸಭೆ ಬರೀ ಪ್ರಸಂಗ ಮಾಡಿ ಸುಮ್ಮನಾಗಲಿಲ್ಲ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರಿಗೆ ಒತ್ತೆಯ ಮೇಲೆ ಕಡಿಮೆ ಖರ್ಚಿನ ಸಾಲ ಕೊಡುವ ನಿಧಿಗಳನ್ನು ತೆರೆಸಿದರು. 1515ರಲ್ಲಿ ಐದನೆಯ ಲ್ಯಾಟರನ್ ಮಹಾಸಭೆ ಅವುಗಳಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದ್ದೂ ಸಾಹುಕಾರನ ಬಾಗಿಲಿಗೆ ಬದಲಾಗಿ ಇನ್ನೊಂದು ಬಾಗಿಲು ಇರಲಿ ಎಂದೇ. ನಮ್ಮ ಯುವಜನರಿಗೂ ಅಂಥ ಒಂದು ಬಾಗಿಲು ಬೇಕು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಒಬ್ಬರಿಬ್ಬರು ತಿಂಗಳಿಗೊಮ್ಮೆ ಪೂಜೆಯ ನಂತರ ಕೂತು, ಗುಟ್ಟು ಕಾಪಾಡಿಕೊಂಡು, ಸಾಲದ ಕಾಗದ ಓದಿ ಹೇಳಿದರೂ ಎಷ್ಟೋ ಮನೆ ಉಳಿದೀತು.

ಈ ಬರಹವನ್ನು ಮಗನಿಗೆ ಓದಿ ಹೇಳಿ, ಅವನ ಒಪ್ಪಿಗೆ ಪಡೆದೇ ಕಳುಹಿಸುತ್ತಿದ್ದೇನೆ. "ಹೆಸರು ಹಾಕಬೇಡಿ ಅಪ್ಪಾ. ಆದರೆ ಅಮ್ಮ ಮೊದಲು ಊಟ ಹಾಕಿದ್ದನ್ನು ಬರೀರಿ," ಎಂದ. ಪ್ರಿಯ ಹೆತ್ತವರೇ, ಇಂದು ರಾತ್ರಿ ನಿಮ್ಮ ಮಗನೋ ಮಗಳೋ ತಡವಾಗಿ ಮನೆಗೆ ಬಂದು, ಮುಖ ಮರೆಸಿ ಕೋಣೆಗೆ ಹೋದರೆ, ಮೊದಲು ತಟ್ಟೆ ಇಡಿ. ಆಮೇಲೆ ಲೆಕ್ಕ ಕೇಳಿ. ಎರಡನ್ನೂ ಮಾಡಿ, ಒಂದನ್ನು ಮಾಡಿ ಇನ್ನೊಂದನ್ನು ಬಿಡಬೇಡಿ. ನಜರೇತಿನ ಪವಿತ್ರ ಕುಟುಂಬ ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ.